ಸ್ಪ್ಲಿಟ್ ನೋಡುವುದಾದರೆ ನೆಲಮಾಳಿಗೆಯಿಂದ ಶುರುಮಾಡಿ

ಆತ್ಮೀಯರೇ, ಕ್ರೊವೇಷಿಯಾ ಕರಾವಳಿಗೆ ಹೊರಟವರು ನಿಮ್ಮಲ್ಲಿ ಹಲವರಿದ್ದೀರಿ. ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ. ಅಲ್ಲಿನ ಸ್ಪ್ಲಿಟ್ ನಗರದ ಹಳೇ ಪೇಟೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ.

ಗಲ್ಲಿ ಗಲ್ಲಿ ಸುತ್ತಿದ ಮೇಲೂ "ಅರಮನೆ ಎಲ್ಲಿ?" ಎಂದು ಕೇಳುವವರಿದ್ದಾರೆ. ಕೇಳುವಾಗ ಅವರು ನಿಂತಿರುವುದೇ ಅರಮನೆಯೊಳಗೆ! 305ರಲ್ಲಿ ಪಟ್ಟ ಬಿಟ್ಟ ರೋಮನ್ ಚಕ್ರವರ್ತಿ ಡಯೋಕ್ಲೀಶಿಯನ್ ನಿವೃತ್ತಿಗೆಂದು ಕಟ್ಟಿಸಿದ್ದು, ಸುಮಾರು 215 ಮೀಟರ್ ಉದ್ದ, 180 ಮೀಟರ್ ಅಗಲ. 7ನೇ ಶತಮಾನದಲ್ಲಿ ಪಕ್ಕದ ಸಲೋನಾ ನಗರ ಹಾಳಾದಾಗ ಓಡಿಬಂದವರು ಇದರೊಳಗೆ ಬಿಡಾರ ಹೂಡಿದರು, ರೋಮನ್ ಗೋಡೆಗೇ ಆನಿಸಿ ಮನೆ ಕಟ್ಟಿಕೊಂಡರು. ಇವತ್ತಿಗೂ ಅಲ್ಲಿ ಸಂಸಾರಗಳಿವೆ. ಹೀಗಾಗಿ ಮೇಲೆ ಅರಮನೆಯ ನಕ್ಷೆ ಕಣ್ಣಿಗೆ ಸಿಗುವುದಿಲ್ಲ.

ಕೆಳಗೆ ಸಿಗುತ್ತದೆ. ನೆಲ ಸಮುದ್ರದ ಕಡೆಗೆ ಇಳಿಜಾರು. ಚಕ್ರವರ್ತಿಯ ಕೋಣೆಗಳನ್ನು ಸಮಮಟ್ಟಕ್ಕೆ ತರಲು ಅಡಿಯಲ್ಲಿ ಕಮಾನು ಛಾವಣಿಯ ಹಜಾರಗಳನ್ನು ಎಬ್ಬಿಸಿದರು. ಮೇಲಿನ ಗೋಡೆಯ ಭಾರ ಹೊರಲು ಕೆಳಗೂ ಅಲ್ಲೇ ಗೋಡೆ ಬೇಕಲ್ಲ? ಆದ್ದರಿಂದ ಕೆಳಗಿನ ಹಜಾರ ನೋಡಿದರೆ ಮೇಲೆ ಕಳೆದುಹೋದ ಕೋಣೆಯ ಅಳತೆಯೇ ಸಿಕ್ಕಂತೆ.

ಅದು ಉಳಿದದ್ದು ಹೇಗೆ ಗೊತ್ತೇ? ಕಸದಿಂದ! ಮಧ್ಯಯುಗದಲ್ಲಿ ಮೇಲೆ ವಾಸವಿದ್ದವರು ಮನೆಯ ನೆಲಕ್ಕೆ ತೂತು ಕೊರೆದು ಮುಸುರೆ, ಕೊಳಚೆ ಎಲ್ಲವನ್ನೂ ಕೆಳಕ್ಕೆ ಸುರಿದರು. ಶತಮಾನಗಳ ಕಾಲ ಸುರಿದರು. ಹಜಾರಗಳು ತುಂಬಿಹೋದವು. ತುಂಬಿದ ಜಾಗಕ್ಕೆ ಯಾರು ಇಳಿಯುತ್ತಾರೆ, ಯಾರು ಕಲ್ಲು ಕೀಳುತ್ತಾರೆ? ಮೇಲಿನ ಮಹಡಿ ಕರಗಿತು, ಕೆಳಗಿನದು ಉಳಿಯಿತು. 20ನೇ ಶತಮಾನದಲ್ಲಿ ಅಗೆದು ತೆಗೆದರು. ಇನ್ನೂ ಅಗೆಯದ ಕೋಣೆಯಲ್ಲಿ ಆ ಗಟ್ಟಿಯಾದ ಕಸದ ಪದರವನ್ನೇ ಕಾಣಬಹುದು. ದಯವಿಟ್ಟು ಅದನ್ನು ನೋಡದೆ ಬರಬೇಡಿ.

ದಾರಿ ಹೀಗೆ. ರೀವಾ ಎಂಬ ಕಡಲದಂಡೆಯ ರಸ್ತೆಯಿಂದ 'ಹಿತ್ತಾಳೆ ಬಾಗಿಲು' ಎಂದು ಕರೆಯುವ ದಕ್ಷಿಣದ ದ್ವಾರದಲ್ಲಿ ಒಳಬನ್ನಿ. ಹಿಂದೆ ಅಲೆಗಳು ಈ ಗೋಡೆಗೇ ತಾಗುತ್ತಿದ್ದವು. ಅಂಗಡಿಗಳಿರುವ ನಡುಹಜಾರಕ್ಕೆ ಟಿಕೆಟ್ ಇಲ್ಲ, ಅಕ್ಕಪಕ್ಕದ ಹಜಾರಗಳಿಗೆ ಇದೆ. ಬಹಳ ಜನ ನಡುಹಜಾರವನ್ನೇ ನೆಲಮಾಳಿಗೆ ಎಂದುಕೊಂಡು ಮೆಟ್ಟಿಲು ಹತ್ತಿಬಿಡುತ್ತಾರೆ. ಅಲ್ಲೇ ತಪ್ಪುವುದು.

ಮೆಟ್ಟಿಲು ಹತ್ತಿದರೆ ಪೆರಿಸ್ಟೈಲ್, ಕಂಬಸಾಲಿನ ಅಂಗಳ. ಅಲ್ಲಿನ ಕಪ್ಪು ಸ್ಫಿಂಕ್ಸ್ (ಸಿಂಹದ ಮೈ, ಮನುಷ್ಯನ ತಲೆಯ ಶಿಲ್ಪ) ಈಜಿಪ್ಟಿನಿಂದ ತಂದದ್ದು, ಅರಮನೆಗಿಂತ ಸಾವಿರದೈನೂರು ವರ್ಷಕ್ಕೂ ಹಳೆಯದು. ಪಕ್ಕದ ಎಂಟು ಮೂಲೆಯ ಕಟ್ಟಡ ಡಯೋಕ್ಲೀಶಿಯನ್ನನ ಸಮಾಧಿ. ಕ್ರೈಸ್ತರನ್ನು ಹಿಂಸಿಸಿದ ದೊರೆ ಆತ. ಆತನ ಕಾಲದಲ್ಲೇ ಪ್ರಾಣ ತೆತ್ತ ಬಿಷಪ್ ಡೊಮ್ನಿಯಸ್‌ನ ಹೆಸರಿನ ಕೆಥೆಡ್ರಲ್ ಈಗ ಅದು. ದೊರೆಯ ಅಸ್ಥಿಯ ಸುಳಿವಿಲ್ಲ. ಶಿಲ್ಪಿ ಬುವಿನಾ 1214ರಲ್ಲಿ ಕೆತ್ತಿದ ಮರದ ಬಾಗಿಲ 28 ಚಿತ್ರಗಳನ್ನು ಒಂದೊಂದಾಗಿ ನೋಡಿ. ಒಳಹೋಗಲು ಹೆಗಲು, ಮಂಡಿ ಮುಚ್ಚಿರಬೇಕು.

ಸಮಯ ಮುಗಿಯುತ್ತಿದೆ, ಉಳಿದದ್ದು ಚುಟುಕಾಗಿ. ನೆಲದ ಸುಣ್ಣಕಲ್ಲು ಕಾಲು ಸವೆಸಿ ಕನ್ನಡಿಯಂತಾಗಿದೆ. ಮಳೆ ಬಿದ್ದರೆ ಜಾರುತ್ತದೆ, ಹಿಡಿತವಿರುವ ರಬ್ಬರ್ ಅಟ್ಟೆ ಬೇಕು. ಹಡಗಿನಲ್ಲಿ ಬರುವ ಪ್ರವಾಸಿಗರ ಗುಂಪುಗಳು ಇಳಿಯುವ ಮೊದಲೇ, ಬೆಳಗ್ಗೆ ಬೇಗ ಹೋಗಿ. ಕೆಥೆಡ್ರಲ್‌ನ ಗಂಟೆಗೋಪುರದ ಮೆಟ್ಟಿಲು ಕಡಿದು, ತಲೆಸುತ್ತುವವರಿಗೆ ಬೇಡ. ಮೀನುಪೇಟೆ ಮಧ್ಯಾಹ್ನದ ಹೊತ್ತಿಗೆ ಖಾಲಿ. ಮತ್ತೆ ಹೇಳುತ್ತೇನೆ, ಒಂದೇ ಗಂಟೆ ಇದ್ದರೂ ಮೊದಲು ಕೆಳಗಿಳಿಯಿರಿ.