ನೋಟ್‌ಬುಕ್ ಬೇರೆಯವರ ಕೈಗೆ ಹೋಗುವ ಮೊದಲು

ಎಲ್ಲರಿಗೂ ನಮಸ್ಕಾರ. ಜುಪಿಟರ್ ಅಂದರೇನು ಅಂತ ನಿಮಗೆ ಹೇಳಬೇಕಾಗಿಲ್ಲ: ಕೋಡನ್ನು ಸೆಲ್ ಅನ್ನೋ ತುಂಡುಗಳಾಗಿ ಬರೆದು, ಒಂದೊಂದಾಗಿ ಓಡಿಸಿ, ಫಲಿತಾಂಶವನ್ನು ಅಲ್ಲೇ ಕೆಳಗೆ ನೋಡುವ ನೋಟ್‌ಬುಕ್. ಹಿಂದಿನ ಸಾಲಿನಲ್ಲಿ ಒಬ್ಬರು ಈಗಲೂ ಸೆಲ್ ಓಡಿಸುತ್ತಿದ್ದಾರೆ. ಓಡಿಸಿ, ಪರವಾಗಿಲ್ಲ.

"ನೋಟ್‌ಬುಕ್ಕನ್ನ ವೆಬ್ ಆ್ಯಪ್ ಮಾಡಬೇಕು ಸಾರ್, ಯಾವ ಟೂಲ್ ಒಳ್ಳೇದು?" ಅಂತ ಕೇಳುತ್ತಾರೆ. ನಾನು ತಿರುಗಿ ಕೇಳೋದು ಒಂದೇ: ಕರ್ನೆಲ್, ಅಂದರೆ ಹಿಂದೆ ನಿಂತು ಕೋಡ್ ಓಡಿಸಿ ಲೆಕ್ಕವನ್ನೆಲ್ಲ ನೆನಪಿಟ್ಟುಕೊಳ್ಳುವ ಪ್ರೋಗ್ರಾಮು, ಅದನ್ನು ರೀಸ್ಟಾರ್ಟ್ ಮಾಡಿ ಮೇಲಿಂದ ಕೆಳಗಿನವರೆಗೆ ಓಡಿಸಿದ್ದೀರಾ? ಆಗ ಅವರ ಮುಖ ನೋಡಬೇಕು.

ಕೃಷಿ ಸಂಶೋಧನೆಯಲ್ಲಿರುವ ಗೆಳೆಯರೊಬ್ಬರು ಮಳೆ ಲೆಕ್ಕದ ನೋಟ್‌ಬುಕ್ ಮಾಡಿದ್ದರು. ತಾಲ್ಲೂಕು ಆರಿಸಿದರೆ ಗ್ರಾಫ್ ಬದಲಾಗುತ್ತೆ. ಚೆನ್ನಾಗಿತ್ತು. ಕೋಡ್ ಮರೆಮಾಡಿ ಗ್ರಾಫು, ಸ್ಲೈಡರು ಮಾತ್ರ ತೋರಿಸುವ ವೊಯ್ಲಾದಲ್ಲಿ ತೆರೆದರು. ಸೆಲ್ ಓಡಿಸುವಾಗ ದೋಷ ಬಂತು ಅಂತ ಒಂದು ಸಾಲು, ಅಷ್ಟೇ. "ನನ್ನ ಲ್ಯಾಪ್‌ಟಾಪಲ್ಲಿ ಓಡುತ್ತಲ್ಲ!" ಅಂದರು. ಈ ಮಾತು ಕೇಳದ ಪ್ರೋಗ್ರಾಮರ್ ಇನ್ನೂ ಹುಟ್ಟಿಲ್ಲ.

ಇಬ್ಬರೂ ಕೂತು ನೋಡಿದೆವು. ಸೆಲ್ ಓಡಿಸಿದ ಕ್ರಮ ಹೇಳುವ ಎಡಗಡೆಯ ಸಂಖ್ಯೆಗಳು ಮೇಲಿಂದ ಹೀಗಿದ್ದವು: 3, 51, 12, 47. ಕೆಳಗಿನ ಸೆಲ್ 'ಮಳೆ2' ಅನ್ನೋ ವೇರಿಯಬಲ್ ಕೇಳುತ್ತಿದೆ, ಅದನ್ನು ಹುಟ್ಟಿಸಿದ ಸೆಲ್ ಮಾತ್ರ ಎಲ್ಲೂ ಇಲ್ಲ. ಯಾವತ್ತೋ ಅಳಿಸಿದ್ದಾರೆ. ಸೆಲ್ ಹೋದರೂ ವೇರಿಯಬಲ್ ಕರ್ನೆಲ್‌ನೊಳಗೆ ದೆವ್ವದ ಹಾಗೆ ಉಳಿದಿತ್ತು. ವೊಯ್ಲಾ ಬಂದವರಿಗೆಲ್ಲ ಹೊಸ ಕರ್ನೆಲ್ ಕೊಡುತ್ತೆ, ಅಲ್ಲಿ ದೆವ್ವಕ್ಕೆ ಜಾಗವಿಲ್ಲ. ಅಳಿಸಿದ ಸೆಲ್ಲಿನಲ್ಲಿ ಏನಿತ್ತು ಅಂತ ನೆನಪಿಸಿಕೊಳ್ಳೋದಕ್ಕೇ ಮಧ್ಯಾಹ್ನ ಕಳೆಯಿತು. ಇಂಚನ್ನು ಮಿಲಿಮೀಟರಿಗೆ ತಂದಿದ್ದರು, ಅಷ್ಟೇ!

ಇದು ಅವರೊಬ್ಬರ ಕತೆಯಲ್ಲ. ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನ ಲಕ್ಷಗಟ್ಟಲೆ ನೋಟ್‌ಬುಕ್‌ಗಳನ್ನು ಪರೀಕ್ಷಿಸಿದ 2019ರ ಅಧ್ಯಯನವೊಂದರಲ್ಲಿ, ಓಡಿಸಿ ನೋಡಿದವುಗಳ ಪೈಕಿ ದೋಷವಿಲ್ಲದೆ ಮುಗಿದದ್ದು ಸುಮಾರು 24 ಪ್ರತಿಶತ. ಮೊದಲಿನ ಫಲಿತಾಂಶವನ್ನೇ ಮತ್ತೆ ಕೊಟ್ಟದ್ದು ಬರೀ 4 ಪ್ರತಿಶತ. ಅದಕ್ಕೇ ನನ್ನದು ಅದೇ ರಾಗ: ಮೊದಲು ರೀಸ್ಟಾರ್ಟ್, ಆಮೇಲೆ ಟೂಲ್.

ಈಗ ಟೂಲ್. ವೊಯ್ಲಾದಲ್ಲಿ ಒಬ್ಬೊಬ್ಬರಿಗೂ ಒಂದು ಕರ್ನೆಲ್ ಅಂದೆನಲ್ಲ, ಅದರ ಬೆಲೆ ನೋಡಿ. ನಿಮ್ಮ ದತ್ತಾಂಶ ಮೆಮೊರಿಯಲ್ಲಿ 300 ಎಂಬಿ ಹಿಡಿದರೆ, 50 ಜನ ಒಟ್ಟಿಗೆ ಬಂದಾಗ 15 ಜಿಬಿ. ಸರ್ವರ್ ಬಿಲ್ ಯಾರು ಕಟ್ಟುತ್ತಾರೆ, ನಿಮ್ಮ ಪಿಎಚ್‌ಡಿ ಗೈಡಾ? ವೆಬ್ ಆ್ಯಪ್ ಮಾಡುವ ಇನ್ನೊಂದು ಟೂಲ್ ಸ್ಟ್ರೀಮ್‌ಲಿಟ್. ಅದಕ್ಕೆ ನೋಟ್‌ಬುಕ್ ಬೇಡ, ಪೈಥಾನ್ ಫೈಲ್ ಬೇಕು. ಸ್ಲೈಡರ್ ಒಂಚೂರು ಸರಿಸಿದರೂ ಸಾಮಾನ್ಯವಾಗಿ ಇಡೀ ಸ್ಕ್ರಿಪ್ಟ್ ಮೊದಲಿನಿಂದ ಓಡುತ್ತೆ, ಹಾಗಾಗಿ ದತ್ತಾಂಶ ಓದುವ ಭಾಗವನ್ನು ಕ್ಯಾಷ್ ಮಾಡದಿದ್ದರೆ, ಅಂದರೆ ಒಮ್ಮೆ ಓದಿದ್ದನ್ನು ಎತ್ತಿಟ್ಟುಕೊಳ್ಳದಿದ್ದರೆ, ನೋಡುವವರು ಆಕಳಿಸುತ್ತಾರೆ. ಆದರೆ ಕೋಡ್ ಕ್ರಮವಾಗಿ ಬರೆಯಲೇಬೇಕಾಗುತ್ತೆ, ಅದು ನನಗೆ ಇಷ್ಟ. ಮಾರಿಮೋ ಅನ್ನೋ ಬೇರೆ ಬಗೆಯ ನೋಟ್‌ಬುಕ್ಕಿನಲ್ಲಂತೂ ಸೆಲ್ ಅಳಿಸಿದರೆ ಅದರ ವೇರಿಯಬಲ್ಲೂ ಹೋಗುತ್ತೆ. ದೆವ್ವದ ಕಾಟವೇ ಇಲ್ಲ.

ಚೀಟಿ ಬಂತು, ಐದು ನಿಮಿಷವಂತೆ. ಪ್ಯಾನೆಲ್ ಅನ್ನೋ ಟೂಲನ್ನು ಬಿಡುತ್ತೇನೆ, ಲಾಗಿನ್ ವಿಷಯವನ್ನೂ ಬಿಡುತ್ತೇನೆ. ಪಯೋಡೈಡ್ ಮಾತ್ರ ಹೇಳಿಬಿಡುತ್ತೇನೆ. ಬೇರೆ ಭಾಷೆಯ ಕೋಡನ್ನೂ ಬ್ರೌಸರ್ ಓಡಿಸುವಂತೆ ಮಾಡುವ ವೆಬ್‌ಅಸೆಂಬ್ಲಿಯಿಂದಾಗಿ ಇದರಲ್ಲಿ ಪೈಥಾನ್ ಬ್ರೌಸರಿನಲ್ಲೇ ಓಡುತ್ತೆ, ಬ್ರೌಸರಿನೊಳಗಿನ ಜುಪಿಟರ್ ಆದ ಜುಪಿಟರ್‌ಲೈಟ್ ನಿಂತಿರೋದು ಇದರ ಮೇಲೆ. ಲೆಕ್ಕ ಮಾಡೋ ಸರ್ವರ್ ಬೇಡ, ಫೈಲ್ ಇಡೋಕೆ ಜಾಗ ಇದ್ದರೆ ಸಾಕು. ಆದರೆ ಕೋಡೂ ದತ್ತಾಂಶವೂ ನೋಡುವವರ ಮನೆಗೇ ಹೋಗುತ್ತವೆ. ನೋಟ್‌ಬುಕ್ಕಿನ ಮೊದಲ ಸೆಲ್ಲಿನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಬರೆದಿಟ್ಟವರು ಇಲ್ಲಿ ಯಾರಾದರೂ ಇದ್ದರೆ, ಪ್ರಶ್ನೆ ಆಮೇಲೆ ಕೇಳಿ, ಮೊದಲು ಹೋಗಿ ಅದನ್ನು ಬದಲಿಸಿ.