ಕುಲುಮೆಯ ಮನೆಯ ಹುಡುಗ

ಕೇಳುಗರಿಗೆ ನಮಸ್ಕಾರ.

1860ರ ಕೊನೆಯ ಭಾಗದಲ್ಲಿ ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ‘ಆಲ್ ದ ಇಯರ್ ರೌಂಡ್’ ಎಂಬ ವಾರಪತ್ರಿಕೆಯ ಮಾರಾಟ ಇಳಿಯತೊಡಗಿತ್ತು. ಅದರಲ್ಲಿ ಬರುತ್ತಿದ್ದ ಬೇರೊಬ್ಬ ಲೇಖಕನ ಧಾರಾವಾಹಿ ಓದುಗರಿಗೆ ರುಚಿಸಿರಲಿಲ್ಲ. ಪತ್ರಿಕೆಯನ್ನು ಉಳಿಸಿಕೊಳ್ಳಲು ಡಿಕನ್ಸ್ ತಾನೇ ಲೇಖನಿ ಹಿಡಿದು, ತಿಂಗಳ ಕಂತುಗಳಿಗಾಗಿ ಯೋಚಿಸಿಟ್ಟಿದ್ದ ಕಥೆಯೊಂದನ್ನು ವಾರದ ಕಂತುಗಳಿಗೆ ಒಗ್ಗಿಸಿ, ಡಿಸೆಂಬರ್ 1ರಿಂದ ಮರುವರ್ಷದ ಆಗಸ್ಟ್ 3ರವರೆಗೆ 36 ಕಂತುಗಳಲ್ಲಿ ಪ್ರಕಟಿಸಿದ. ವ್ಯಾಪಾರದ ಒತ್ತಡಕ್ಕೆ ಸಿಕ್ಕಿ ಹೀಗೆ ಹೊರಬಂದ ಕಥೆಯೇ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’. ಪಿಪ್ ಎಂಬ ಅನಾಥ ಹುಡುಗ ಕಮ್ಮಾರನ ಮನೆಯಿಂದ ಲಂಡನ್ನಿಗೆ ಹೋಗಿ ದೊಡ್ಡ ಮನುಷ್ಯನಾಗಲು ಹೊರಟ ಈ ಕಥೆಯಲ್ಲಿ ಪ್ರೇಮ, ಕೊಲೆ, ಸೆರೆಮನೆ, ಬೆಂಕಿ ಎಲ್ಲವೂ ಇವೆ. ಇವೆಲ್ಲದರ ಕೆಳಗೆ ಹರಿಯುತ್ತಿರುವುದು ನಾಚಿಕೆ, ತಾನು ಯಾರ ಮನೆಯಲ್ಲಿ ಉಂಡು ಬೆಳೆದೆ ಎಂಬುದರ ನಾಚಿಕೆ, ಎಂದು ನನ್ನ ತಿಳಿವಳಿಕೆ.

ಆ ನಾಚಿಕೆ ಪಿಪ್‌ಗೆ ಹುಟ್ಟಿನಿಂದ ಬಂದದ್ದಲ್ಲ. ಒಂದು ಇಸ್ಪೀಟಿನ ಆಟದಲ್ಲಿ ಅದು ಅವನಿಗೆ ಅಂಟುತ್ತದೆ. ಮದುವೆಯ ದಿನವೇ ವರನಿಂದ ವಂಚಿತಳಾಗಿ, ಮನೆಯ ಗಡಿಯಾರಗಳನ್ನೆಲ್ಲ ಎಂಟು ಗಂಟೆ ನಲವತ್ತು ನಿಮಿಷಕ್ಕೆ ನಿಲ್ಲಿಸಿ, ಹಳದಿಗಟ್ಟಿದ ಮದುವೆಯ ಉಡುಪಿನಲ್ಲೇ ಮುದುಕಿಯಾದ ಸಿರಿವಂತೆ ಮಿಸ್ ಹ್ಯಾವಿಶಾಮ್, ತನ್ನ ಸಾಕುಮಗಳು ಎಸ್ಟೆಲ್ಲಾಳ ಜೊತೆ ಆಡಲು ಈ ಹುಡುಗನನ್ನು ಕರೆಸಿಕೊಳ್ಳುತ್ತಾಳೆ. ಅವನಿಗೆ ಗೊತ್ತಿದ್ದುದು ಒಂದೇ ಆಟ: ಎದುರಾಳಿಯ ಎಲೆಗಳನ್ನೆಲ್ಲ ಕಿತ್ತುಕೊಂಡು ಅವನನ್ನು ಬರಿಗೈ ಮಾಡುವ ಆಟ. ಹಾಗಾದರೆ ಅವನನ್ನು ಬರಿಗೈ ಮಾಡು ಎಂದು ಮುದುಕಿ ಹುಡುಗಿಗೆ ಅಪ್ಪಣೆ ಕೊಡುತ್ತಾಳೆ. ಆಟ ಮುಗಿಯುವುದರೊಳಗೆ ಎಸ್ಟೆಲ್ಲಾ ಅವನ ಮಾತಿನ ಹಳ್ಳಿತನವನ್ನೂ ಒರಟು ಕೈಗಳನ್ನೂ ದಪ್ಪ ಬೂಟುಗಳನ್ನೂ ಹಂಗಿಸಿ ಆಗಿರುತ್ತದೆ. ಆಮೇಲೆ ಅಂಗಳದಲ್ಲಿ ಅವನಿಗೆ ಊಟ ತಂದುಕೊಡುವಾಗ, ತಪ್ಪು ಮಾಡಿದ ನಾಯಿಗೆ ಹಾಕಿದಂತೆ, ಮುಖವನ್ನೂ ನೋಡದೆ ಪಾನೀಯದ ಲೋಟವನ್ನು ಕಲ್ಲಿನ ಮೇಲೆ ಕುಕ್ಕುತ್ತಾಳೆ. ಹುಡುಗ ಗೋಡೆಯ ಮರೆಗೆ ಹೋಗಿ ಅಳುತ್ತಾನೆ. ಊಟ ಬರುವ ಮೊದಲು ಅಂಗಳದಲ್ಲಿ ಒಬ್ಬನೇ ಇದ್ದಾಗ ಅವನು ತನ್ನ ಕೈಗಳನ್ನು ತಾನೇ ನೋಡಿಕೊಂಡಿದ್ದ. ಅದುವರೆಗೆ ಆ ಕೈಗಳಲ್ಲಿ ಅವನಿಗೆ ಯಾವ ಕೊರತೆಯೂ ಕಂಡಿರಲಿಲ್ಲ. ತನ್ನನ್ನು ಸಾಕಿದ ಕಮ್ಮಾರ ಜೋ ಇನ್ನಷ್ಟು ನಯನಾಜೂಕಿನಲ್ಲಿ ಬೆಳೆದವನಾಗಿದ್ದರೆ ತಾನೂ ಹಾಗೆಯೇ ಬೆಳೆಯುತ್ತಿದ್ದೆನಲ್ಲ ಎಂಬ ಯೋಚನೆ ಅವನಿಗೆ ಮೊದಲ ಸಲ ಬರುವುದೂ ಅಲ್ಲಿಯೇ. ಅವಮಾನ ಮಾಡಿದವಳು ಎಸ್ಟೆಲ್ಲಾ. ತಪ್ಪು ಹೊರಬೇಕಾದವನು ಮಾತ್ರ ಮನೆಯಲ್ಲಿ ಕಬ್ಬಿಣ ಬಡಿಯುತ್ತಿರುವ ಜೋ.

ಡಿಕನ್ಸ್‌ಗೆ ಈ ನೋವು ಕೇಳಿ ತಿಳಿದದ್ದಾಗಿರಲಿಲ್ಲ. 1824ರಲ್ಲಿ ಸಾಲಕ್ಕಾಗಿ ತಂದೆ ಮಾರ್ಷಲ್ಸೀ ಸೆರೆಮನೆ ಸೇರಿದಾಗ, 12 ವರ್ಷದ ಈ ಹುಡುಗ ಥೇಮ್ಸ್ ದಂಡೆಯ ಬೂಟ್‌ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. ಇಂಗ್ಲೆಂಡಿಗೆ ಇಂಗ್ಲೆಂಡೇ ಕೊಂಡಾಡುವ ಲೇಖಕನಾದ ಮೇಲೂ ಆ ದಿನಗಳನ್ನು ಅವನು ಲೋಕದಿಂದ ಮುಚ್ಚಿಟ್ಟ. 1870ರಲ್ಲಿ ಅವನು ತೀರಿಕೊಂಡ ನಂತರ, ಗೆಳೆಯ ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದಲೇ ಓದುಗರಿಗೆ ಅದು ಗೊತ್ತಾಯಿತು.

ಈಗ ಜೋನ ವಿಷಯಕ್ಕೆ ಬರೋಣ. ಜೋ ಗಾರ್ಜರಿ ಪಿಪ್‌ನ ಭಾವ, ಅಕ್ಕನ ಗಂಡ. ಅಕ್ಕ ಕೈಯೆತ್ತಿದಾಗಲೆಲ್ಲ ಹುಡುಗನಿಗೆ ಅಡ್ಡ ನಿಂತವನು, ಸಾರು ಬಡಿಸುತ್ತಲೇ ಸಮಾಧಾನ ಹೇಳಿದವನು. ಹೆಸರು ಹೇಳಲೊಲ್ಲದ ದಾನಿಯೊಬ್ಬರ ಹಣದಿಂದ ಪಿಪ್ ಲಂಡನ್ನಿಗೆ ಹೋಗಿ, ಒಳ್ಳೆಯ ಬಟ್ಟೆ ತೊಟ್ಟು, ಸಾಲದ ಮೇಲೆ ಸಾಲ ಮಾಡುತ್ತಿರುವಾಗ ಜೋ ಅವನನ್ನು ನೋಡಲು ಬರುತ್ತಾನೆ. ಅವನು ಬರುವ ಸುದ್ದಿ ಕೇಳಿದ ಪಿಪ್, ದುಡ್ಡು ಕೊಟ್ಟು ಈ ಭೇಟಿಯನ್ನು ತಪ್ಪಿಸಬಹುದಾಗಿದ್ದರೆ ಖಂಡಿತ ಕೊಟ್ಟುಬಿಡುತ್ತಿದ್ದೆ ಎಂದುಕೊಳ್ಳುತ್ತಾನೆ. ಮುಂದಿನ ದೃಶ್ಯದಲ್ಲಿ ನಗುವೇ ಹೆಚ್ಚು. ಜೋ ಬಾಗಿಲಲ್ಲಿ ಕಾಲು ಒರೆಸಿದ್ದೂ ಒರೆಸಿದ್ದೇ. ಹ್ಯಾಟನ್ನು ಯಾರ ಕೈಗೂ ಕೊಡಲೊಲ್ಲದೆ ಅಗ್ಗಿಷ್ಟಿಕೆಯ ಮೇಲಿನ ಹಲಗೆಯ ಮೂಲೆಯಲ್ಲಿ ಇಡುತ್ತಾನೆ. ಅದು ಬೀಳುತ್ತದೆ, ಹಿಡಿಯುತ್ತಾನೆ, ಮತ್ತೆ ಇಡುತ್ತಾನೆ, ಮತ್ತೆ ಬೀಳುತ್ತದೆ. ಒಮ್ಮೆ ‘ಪಿಪ್’ ಎನ್ನುತ್ತಾನೆ, ಮರುಗಳಿಗೆಯಲ್ಲಿ ‘ಸರ್’ ಎನ್ನುತ್ತಾನೆ. ಪಿಪ್‌ಗೆ ಸಿಡುಕು ಬರುತ್ತದೆ. ಕಥೆ ಹೇಳುತ್ತಿರುವ ಹಿರಿಯ ಪಿಪ್ ಮಾತ್ರ, ನಾನು ಅವನೊಂದಿಗೆ ಸಲಿಗೆಯಿಂದಿದ್ದಿದ್ದರೆ ಅವನೂ ನನ್ನೊಂದಿಗೆ ಹಾಗಿರುತ್ತಿದ್ದ, ಎಲ್ಲವೂ ನನ್ನ ತಪ್ಪೇ ಎಂದು ನಡುವೆ ನುಸುಳಿ ಒಪ್ಪಿಕೊಳ್ಳುತ್ತಾನೆ. ತರುಣನ ಬಿಗುಮಾನವೂ ಪ್ರೌಢನ ಪಶ್ಚಾತ್ತಾಪವೂ ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ಕೂರುವ ಈ ನಿರೂಪಣೆ ಡಿಕನ್ಸ್‌ನ ಬೇರಾವ ಕೃತಿಯಲ್ಲೂ ಇಷ್ಟು ಹದವಾಗಿ ಒದಗಿಲ್ಲವೆಂದು ನನ್ನ ಎಣಿಕೆ.

ಹೊರಡುವಾಗ ಜೋ ಆಡುವ ಮಾತಿನಲ್ಲಿ ಮುನಿಸಿನ ಸುಳಿವೂ ಇಲ್ಲ. ಬದುಕೆಂದರೆ ಹಲವಾರು ಅಗಲಿಕೆಗಳನ್ನು ಬೆಸುಗೆ ಹಾಕಿದ್ದು, ಒಬ್ಬ ಕಮ್ಮಾರ, ಇನ್ನೊಬ್ಬ ಅಕ್ಕಸಾಲಿಗ, ಮತ್ತೊಬ್ಬ ಕಂಚುಗಾರ, ಅಂಥವರು ಬೇರೆಯಾಗಲೇಬೇಕು ಎನ್ನುತ್ತಾನೆ. ಈ ಬಟ್ಟೆಯಲ್ಲಿ ನಾನು ಸರಿಕಾಣುವುದಿಲ್ಲ, ಕುಲುಮೆಯ ಕಿಟಕಿಯಲ್ಲಿ ಇಣುಕಿ, ಸುತ್ತಿಗೆ ಹಿಡಿದ ನನ್ನನ್ನು ನೋಡು, ಇದರ ಅರ್ಧದಷ್ಟು ತಪ್ಪೂ ಕಾಣಿಸದು ಎನ್ನುತ್ತಾನೆ. ಅವನನ್ನು ಪೆದ್ದ ಎಂದುಕೊಂಡಿದ್ದ ಓದುಗ ಇಲ್ಲಿ ಬೆಚ್ಚುತ್ತಾನೆ. ಕೋಣೆಯಲ್ಲಿ ನಡೆದದ್ದೆಲ್ಲವೂ ಅವನಿಗೆ ಮೊದಲಿನಿಂದಲೂ ಅರ್ಥವಾಗಿತ್ತು.

ಮುಂದಿನ ತಿರುವನ್ನು ಅನೇಕರು ಬಲ್ಲರು. ತನ್ನನ್ನು ಎಸ್ಟೆಲ್ಲಾಳಿಗೆ ತಕ್ಕವನನ್ನಾಗಿ ಮಾಡುತ್ತಿರುವವಳು ಮಿಸ್ ಹ್ಯಾವಿಶಾಮ್ ಎಂದೇ ಪಿಪ್ ನಂಬಿರುತ್ತಾನೆ. ಹಣ ಬಂದದ್ದು ಮ್ಯಾಗ್ವಿಚ್‌ನಿಂದ. ಬಾಲ್ಯದಲ್ಲಿ ಜೌಗಿನ ಸ್ಮಶಾನದಲ್ಲಿ ಹೆದರಿಸಿ, ಅನ್ನವನ್ನೂ ಕಾಲಬೇಡಿ ಕತ್ತರಿಸುವ ಅರವನ್ನೂ ತರಿಸಿಕೊಂಡ ಕೈದಿ ಅವನು. ನ್ಯೂ ಸೌತ್ ವೇಲ್ಸ್‌ಗೆ ಗಡೀಪಾರಾಗಿ, ಅಲ್ಲಿ ಕುರಿ ಸಾಕಿ ದುಡಿದದ್ದನ್ನೆಲ್ಲ ಆ ಹುಡುಗನಿಗಾಗಿ ಕೂಡಿಟ್ಟವನು. ಎಸ್ಟೆಲ್ಲಾ ಅವನದೇ ಮಗಳು. ಅವಳ ತಾಯಿ ಮಾಲಿ ಎಂಬ ಹೆಂಗಸು, ಕೊಲೆಯ ಆರೋಪ ಹೊತ್ತು ಬಿಡುಗಡೆಯಾಗಿ ವಕೀಲ ಜ್ಯಾಗರ್ಸ್‌ನ ಮನೆಗೆಲಸಕ್ಕೆ ನಿಂತವಳು. ಇದು ಪಿಪ್‌ಗೆ ಹೊಳೆಯುವುದು ಹೇಗೆಂದು ಗಮನಿಸಬೇಕು: ಮನೆಗೆಲಸದವಳ ಬೆರಳುಗಳ ಚಲನೆಯಲ್ಲಿ ಅವನಿಗೆ ಎಸ್ಟೆಲ್ಲಾ ಹೆಣಿಗೆ ಹಾಕುತ್ತಿದ್ದ ಬೆರಳುಗಳು ಕಾಣುತ್ತವೆ. ಕೈ ನೋಡಿ ಕುಲ ಅಳೆದವಳ ಮೂಲವನ್ನು ಕೈಗಳೇ ಬಯಲಿಗೆ ತರುತ್ತವೆ. ಪಿಪ್ ಆರಾಧಿಸಿದ ಮೇಲ್ವರ್ಗದ ಬೆಡಗಿಗೆ ಹುಟ್ಟಿನ ಆಧಾರವೇ ಇರಲಿಲ್ಲ. ಎಸ್ಟೆಲ್ಲಾಳನ್ನು ಕಲ್ಲೆದೆಯವಳೆಂದು ಜರೆಯುವುದು ಸುಲಭ, ಆದರೆ ಬಾಲ್ಯದಿಂದಲೇ ಅವಳ ಎದೆಯನ್ನು ಬರಿದು ಮಾಡಿ ಗಂಡಸರ ಮೇಲೆ ಸೇಡು ತೀರಿಸುವ ಆಯುಧದಂತೆ ಬೆಳೆಸಲಾಗಿತ್ತು. ತನಗೆ ಪ್ರೀತಿ ಗೊತ್ತಿಲ್ಲವೆಂದು ಅವಳು ಪಿಪ್‌ಗೆ ಮುಂಚೆಯೇ ಎಚ್ಚರಿಸಿಯೂ ಇದ್ದಳು.

ಮ್ಯಾಗ್ವಿಚ್ ಸಿಕ್ಕಿಬಿದ್ದು, ಅವನ ಆಸ್ತಿ ಸರ್ಕಾರದ ಪಾಲಾಗಿ, ಪಿಪ್ ಜ್ವರದಿಂದ ಮಲಗಿದಾಗ ಆರೈಕೆಗೆ ಬರುವವನು ಜೋ. ಈ ಭಾಗದ ಹೆಣಿಗೆ ಬಹಳ ಸೂಕ್ಷ್ಮವಾದದ್ದು. ರೋಗಿ ಮೈಮರೆತು ಮಲಗಿದ್ದಷ್ಟು ದಿನ ಜೋನ ಬಾಯಲ್ಲಿ ಹಳೆಯ ಸಲಿಗೆಯ ಮಾತು. ಪಿಪ್‌ಗೆ ಶಕ್ತಿ ಬಂದಂತೆಲ್ಲ ಆ ಸಲಿಗೆ ಹಿಂಜರಿಯುತ್ತ, ‘ಸರ್’ ಮೆಲ್ಲಗೆ ಮರಳುತ್ತದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಜೋ ಹೊರಟುಹೋಗಿದ್ದಾನೆ. ನಡುವಯಸ್ಸಿನಲ್ಲಿ ಅಕ್ಷರ ಕಲಿತವನ ಕೈಯ ತಪ್ಪುತಪ್ಪು ಕಾಗದ ಮೇಜಿನ ಮೇಲಿದೆ. ಅದರೊಳಗೆ, ಪಿಪ್‌ನನ್ನು ಜೈಲಿಗೆ ಎಳೆಯಲಿದ್ದ 123 ಪೌಂಡು 15 ಷಿಲಿಂಗು 6 ಪೆನ್ಸ್ ಸಾಲ ತೀರಿದ ರಸೀದಿ. ಎಸ್ಟೆಲ್ಲಾ ಒರಟ ಡ್ರಮಲ್‌ನನ್ನು ಮದುವೆಯಾದ ಸುದ್ದಿಗಿಂತ ಈ ರಸೀದಿ ನನ್ನನ್ನು ಹೆಚ್ಚು ಕಲಕುತ್ತದೆ.

ಕೊನೆಯ ಅಧ್ಯಾಯದ ಬಗ್ಗೆ ವಾದ ಇಂದಿಗೂ ನಿಂತಿಲ್ಲ. ಈಗ ನಾವು ಓದುವ ಪುಸ್ತಕದಲ್ಲಿ ವಿಧವೆ ಎಸ್ಟೆಲ್ಲಾ ಮತ್ತು ಪಿಪ್ ಮಿಸ್ ಹ್ಯಾವಿಶಾಮ್‌ಳ ಹಾಳುಬಿದ್ದ ಮನೆಯ ತೋಟದಲ್ಲಿ ಭೇಟಿಯಾಗಿ ಕೈಹಿಡಿದು ಹೊರಬರುತ್ತಾರೆ. ಡಿಕನ್ಸ್ ಮೊದಲು ಬರೆದದ್ದು ಬೇರೆ. ಕಾದಂಬರಿಕಾರ ಮಿತ್ರ ಬುಲ್ವರ್ ಲಿಟ್ಟನ್ ಒತ್ತಾಯಿಸಿದ್ದರಿಂದ ಅವನು ಅದನ್ನು ಬದಲಾಯಿಸಿದ. ಹಳೆಯ ರೂಪದಲ್ಲಿ ಎಸ್ಟೆಲ್ಲಾ ಒಬ್ಬ ವೈದ್ಯನನ್ನು ಮರುಮದುವೆಯಾಗಿದ್ದಾಳೆ. ಲಂಡನ್ನಿನ ಪಿಕಡಿಲಿಯಲ್ಲಿ ಗಾಡಿ ನಿಲ್ಲಿಸಿ, ಪಿಪ್‌ನ ಜೊತೆಗಿದ್ದ ಜೋನ ಮಗನನ್ನು ಅವನದೇ ಮಗುವೆಂದು ತಿಳಿದು, ಎತ್ತಿಸಿಕೊಂಡು ಮುದ್ದಿಡುತ್ತಾಳೆ. ಪಿಪ್ ಅವಳ ತಪ್ಪು ತಿಳಿವನ್ನು ತಿದ್ದಿದನೆಂದು ಡಿಕನ್ಸ್ ಬರೆದಿಲ್ಲ. ಲಿಟ್ಟನ್‌ನ ಮಾತು ಕೇಳಬಾರದಿತ್ತು ಎನ್ನುವವರ ಪೈಕಿ ನಾನೂ ಒಬ್ಬ. ಕಮ್ಮಾರನ ಹುಡುಗನ ಕೈಗಳನ್ನು ಹೀಗಳೆದವಳು ಈ ರೂಪದಲ್ಲಿ ಅದೇ ಕಮ್ಮಾರನ ಮತ್ತೊಬ್ಬ ಹುಡುಗನನ್ನು ಗೊತ್ತಿಲ್ಲದೆಯೇ ಮುದ್ದಿಸುತ್ತಾಳೆ, ಮತ್ತು ಪ್ರೇಮಿಗಳನ್ನು ಒಂದುಗೂಡಿಸುವ ಬಲವಂತವೂ ಇಲ್ಲಿಲ್ಲ. ಫಾರ್ಸ್ಟರ್ ತನ್ನ ಜೀವನಚರಿತ್ರೆಯ ಮೂರನೆಯ ಸಂಪುಟದಲ್ಲಿ, 1874ರಲ್ಲಿ, ಈ ಹಳೆಯ ಮುಕ್ತಾಯವನ್ನು ಅಚ್ಚು ಹಾಕಿಸಿದ. ಈಗಿನ ಅನೇಕ ಮುದ್ರಣಗಳು ಅದನ್ನು ಅನುಬಂಧವಾಗಿ ಕೊಡುತ್ತವೆ. ಕಾದಂಬರಿಯನ್ನು ಹಿಂದೆಯೇ ಓದಿದ ಕೇಳುಗರು ಆ ಕೆಲವು ಸಾಲುಗಳನ್ನೂ ಓದಿ ನೋಡಬೇಕೆಂದು ಕೋರುತ್ತೇನೆ. ನಮಸ್ಕಾರ.