ಎಡಗೈ ಬಿಡಿ, ಬಲಗೈ ನೋಡಿ

ಕೇಳುಗರಿಗೆ ನಮಸ್ಕಾರ.

ಮಗುವಿಗೆ ಪಿಟೀಲು ಕಲಿಸಬೇಕು ಅಂತ ಆಸೆ ಇದೆ, ಆದರೆ ನಮಗೆ ಸಂಗೀತದ ಗಂಧವೇ ಇಲ್ಲ ಅನ್ನುವ ತಂದೆ ತಾಯಿಗೆ ಇವತ್ತಿನ ಮಾತು. ಮನೆಯಲ್ಲಿ ಅಜ್ಜಿ, ತಾತ ಇದ್ದರೆ ಅವರನ್ನೂ ರೇಡಿಯೋ ಹತ್ತಿರ ಕರೆಯಿರಿ. ಅವರಿಗೊಂದು ಕೆಲಸ ಇದೆ.

ಮೂವತ್ತು ವರ್ಷದಿಂದ ಮೈಸೂರಿನಲ್ಲಿ ಪಾಠ ಹೇಳುತ್ತಿದ್ದೇನೆ. ಮೊದಲ ದಿನ ಬರುವವರು ಕೇಳುವ ಪ್ರಶ್ನೆ ಇನ್ನೂ ಬದಲಾಗಿಲ್ಲ. "ಮೇಷ್ಟ್ರೇ, ಎಷ್ಟು ತಿಂಗಳಿಗೆ ಒಂದು ಹಾಡು ನುಡಿಸ್ತಾನೆ?" ಈಚೆಗೆ ಇನ್ನೊಂದು ಸೇರಿದೆ. "ನಮ್ಮ ಅಪಾರ್ಟ್‌ಮೆಂಟಿನ ಗಣೇಶನ ಹಬ್ಬಕ್ಕೆ ಒಂದು ಐಟಂ ರೆಡಿ ಮಾಡಿಸಿಬಿಡಿ." ಹಬ್ಬಕ್ಕೆ ಆರು ವಾರ ಇರುತ್ತದೆ. ಮಗುವಿಗೆ ಕಮಾನು ಹಿಡಿಯೋಕೂ ಬಂದಿರುವುದಿಲ್ಲ.

ನಾನು ಹೇಳಲು ಬಂದಿರುವುದು ಒಂದೇ ಮಾತು. ಬಲಗೈ ನೋಡಿ.

ಪಿಟೀಲು ನುಡಿಸುವಾಗ ಎಲ್ಲರ ಕಣ್ಣೂ ಎಡಗೈ ಮೇಲೆ. ಬೆರಳು ಕುಣಿಯುತ್ತವೆ, ಜಾರುತ್ತವೆ, ನೋಡೋಕೆ ಚೆಂದ. ಆದರೆ ಎಡಗೈ ಹೇಳುವುದು ಯಾವ ಸ್ವರ ಅಂತ ಮಾತ್ರ. ಆ ಸ್ವರವನ್ನು ಪಕ್ಕದ ಮನೆಯವರು ಸಹಿಸಿಕೊಳ್ಳುತ್ತಾರಾ ಇಲ್ಲವಾ ಅನ್ನುವುದು ಕಮಾನು ಹಿಡಿದ ಬಲಗೈಗೆ ಸೇರಿದ್ದು.

ನಮ್ಮ ಪಿಟೀಲು ವಿದ್ವಾನ್ ಟಿ. ಚೌಡಯ್ಯನವರನ್ನೇ ತೆಗೆದುಕೊಳ್ಳಿ. ತಿರುಮಕೂಡಲಿನವರು. ಅವರ ಗುರುಗಳು ಬಿಡಾರಂ ಕೃಷ್ಣಪ್ಪನವರು, ದೊಡ್ಡ ಹಾಡುಗಾರರು. ಹಾಡುವವರ ಹತ್ತಿರ ಪಿಟೀಲು ಪಾಠ! ನನಗಂತೂ ಇದರಲ್ಲಿ ಆಶ್ಚರ್ಯ ಇಲ್ಲ. ಹಾಡುಗಾರನಿಗೆ ಉಸಿರು ಹೇಗೋ, ಪಿಟೀಲಿಗೆ ಕಮಾನು ಹಾಗೆ. ಮುಂದೆ ಚೌಡಯ್ಯನವರು ದೊಡ್ಡ ಸಭೆಗಳಿಗೆ ನಾದ ಸಾಲದು ಅಂತ ನಾಲ್ಕು ತಂತಿಯ ವಾದ್ಯಕ್ಕೆ ಏಳು ತಂತಿ ಹಾಕಿಸಿದರು. ಏಳಕ್ಕೂ ಉಸಿರು ಕೊಟ್ಟಿದ್ದು ಅದೇ ಒಂದು ಕಮಾನು.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಏಳು ವರ್ಷದವನು. ಅಪ್ಪ ಅವನನ್ನು ಕರೆದುಕೊಂಡು ಬಂದರು. ಜೊತೆಗೆ ಅಟ್ಟದಿಂದ ಇಳಿಸಿದ, ತಾತನ ಕಾಲದ ದೊಡ್ಡ ಪಿಟೀಲು. ಹುಡುಗ ಚಕ್ಕಳಮಕ್ಕಳ ಹಾಕಿ ಕೂತು, ವಾದ್ಯದ ತಲೆಯನ್ನು ಬಲಗಾಲಿನ ಮೇಲಿಟ್ಟರೆ ಎಡಗೈ ಕೋಲಿನ ಹಾಗೆ ನೆಟ್ಟಗೆ ಚಾಚಿಕೊಳ್ಳುತ್ತಿತ್ತು. ಮೈ ಪೂರ್ತಿ ಒಂದು ಕಡೆಗೆ ವಾಲುತ್ತಿತ್ತು. "ಕಾಲು ಸೈಜಿನದು, ಮಕ್ಕಳ ಪುಟ್ಟ ಪಿಟೀಲು ತನ್ನಿ" ಅಂದೆ. "ಬೆಳೆಯೋ ಹುಡುಗ ಅಲ್ವಾ ಸಾರ್, ದೊಡ್ಡದೇ ಇರಲಿ" ಅಂದರು. ಸ್ವಾಮಿ, ಇದು ಸ್ಕೂಲ್ ಯೂನಿಫಾರಂ ಅಲ್ಲ, ಮಡಿಚಿ ಹೊಲಿಸೋಕೆ! ಕೊನೆಗೆ ತಂದರು.

ಅವನ ಕಮಾನು ಕಾರಿನ ವೈಪರ್ ಇದ್ದ ಹಾಗಿತ್ತು. ತಂತಿಯ ಮೇಲೆ ಅಡ್ಡ ನೇರವಾಗಿ ಹೋಗುವ ಬದಲು ಅರ್ಧಚಂದ್ರ ಬರೆಯುತ್ತಿತ್ತು. ಕುದುರೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಪುಟ್ಟ ಮರದ ತುಂಡು, ಅದರ ಹತ್ತಿರ ಶುರುವಾಗಿ ಬೆರಳಿಡುವ ಹಲಗೆಯ ಮೇಲಕ್ಕೆ ಜಾರುತ್ತಿತ್ತು. ಒಂದು ತುದಿಯಲ್ಲಿ ಕಿರುಚು, ಇನ್ನೊಂದು ತುದಿಯಲ್ಲಿ ಬರೀ ಗಾಳಿ. ಕಮಾನು ಹೋಗಬೇಕಾದ್ದು ಕುದುರೆಗೂ ಹಲಗೆಗೂ ನಡುವಿನ ದಾರಿಯಲ್ಲಿ, ಅಲುಗಾಡದೆ. ಅದಕ್ಕೆ ನಾನು ಸರಳೆ ವರಸೆಯನ್ನೇ, ಅಂದರೆ ಸರಿಗಮದ ಮೊದಲ ಪಾಠವನ್ನೇ, ಶುರು ಮಾಡಲಿಲ್ಲ. ಬೆರಳಿಡದ ತಂತಿಯ ಮೇಲೆ ಉದ್ದ ಕಮಾನು, ನಿಧಾನವಾಗಿ. ಸ. ಪ. ಮತ್ತೆ ಸ. ಅಷ್ಟೇ. ಮನೆಯಲ್ಲಿ ಹುಡುಗನಿಗೆ ಬೇಜಾರು, ಅಪ್ಪನಿಗೆ ಅನುಮಾನ, ಈ ಮೇಷ್ಟ್ರಿಗೆ ಪಾಠ ಬರುತ್ತೋ ಇಲ್ಲವೋ ಅಂತ.

ಆ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಕಾರ್ತಿಕಕ್ಕೆ ಲಕ್ಷಬತ್ತಿ ಹಚ್ಚುವ ಹರಕೆ ಹೊತ್ತಿದ್ದರು. ದಿನಾ ಸಂಜೆ ಕೂತು ಹತ್ತಿ ಹಿಂಜಿ, ಬೆರಳಿಗೆ ಚೂರು ಹಾಲು ಮುಟ್ಟಿಸಿ, ಹೂಬತ್ತಿ ಹೊಸೆಯುತ್ತಿದ್ದರು. ಅವರನ್ನು ಕೇಳಿಕೊಂಡೆ. "ಅಜ್ಜಿ, ಇವನು ನಿಮ್ಮ ಪಕ್ಕ ಕೂತುಕೊಳ್ಳಲಿ. ನೀವು ಒಂದು ಬತ್ತಿ ಹೊಸೆದು ಮುಗಿಸುವ ತನಕ ಇವನು ಒಂದು ಕಮಾನು ಎಳೆಯಬೇಕು." ಅಜ್ಜಿಗೆ ರಾಗ ತಾಳ ಏನೂ ಗೊತ್ತಿಲ್ಲ. ಆದರೆ ಕಿವಿ ಇತ್ತು ನೋಡಿ! "ಲೋ ಪುಟ್ಟಾ, ಇದು ಕೊರೀತು ಕಣೋ. ಇದು ಲೆಕ್ಕಕ್ಕಿಲ್ಲ, ಇನ್ನೊಂದು ಎಳಿ." ನೂರು ಬತ್ತಿ, ನೂರು ಕಮಾನು. ಎದುರಿಗೆ ಬೀರುವಿನ ಕನ್ನಡಿ. ಕಮಾನು ಸೊಟ್ಟ ಹೋದರೆ ಅವನಿಗೇ ಕಾಣುತ್ತಿತ್ತು.

ದೀಪ ಹಚ್ಚುವ ದಿನ ನನ್ನನ್ನು ಊಟಕ್ಕೆ ಕರೆದಿದ್ದರು. ಹುಡುಗ ಶ್ರುತಿಪೆಟ್ಟಿಗೆ ಹಾಕಿಕೊಂಡು ಒಂದು ಸ, ಒಂದು ಪ ನುಡಿಸಿದ. ಶ್ರುತಿ ಯಾವುದು, ಪಿಟೀಲು ಯಾವುದು ಗೊತ್ತಾಗಲಿಲ್ಲ. ಅಷ್ಟು ಸೇರಿಹೋಗಿತ್ತು. ಅವರಪ್ಪ ನೆಂಟರ ಮುಂದೆ, "ಇನ್ನೂ ಏನೂ ಬರಲ್ಲ ಇವನಿಗೆ, ಸುಮ್ನೆ ಎಳೀತಾನೆ" ಅಂದರು. ನನಗೆ ಸಿಟ್ಟು ಬಂತು. ಎಲೆಗೆ ಹೋಳಿಗೆ ಬಿದ್ದಿತ್ತು, ಸುಮ್ಮನಿದ್ದೆ.

ಆ ವರ್ಷದ ಸಂಕ್ರಾಂತಿ ಹೊತ್ತಿಗೆ ಆ ಹುಡುಗ ಮಾಯಾಮಾಳವಗೌಳ ರಾಗದ ಸರಳೆ ವರಸೆಗಳನ್ನು ಮೂರು ಕಾಲದಲ್ಲೂ, ಅಂದರೆ ಮೂರು ವೇಗದಲ್ಲೂ, ನುಡಿಸಿದ. ಅವನ ಜೊತೆಗೇ ಬೇರೆ ಕಡೆ ಸೇರಿ, ಆಗಲೇ ಸಿನಿಮಾ ಹಾಡಿಗೆ ಹೋಗಿದ್ದ ಮಕ್ಕಳು ಇನ್ನೂ ಕಿರುಚಿಸುತ್ತಿದ್ದರು.

ಕಥೆ ಜಾಸ್ತಿ ಆಯ್ತು. ಗುರುಗಳನ್ನು ಹುಡುಕುವ ವಿಷಯ ಬಾಕಿ ಇದೆ, ಬೇಗ ಹೇಳಿಬಿಡುತ್ತೇನೆ. ಸೇರಿಸುವ ಮೊದಲು ಪಾಠ ನಡೆಯುವಾಗ ಹೋಗಿ ಒಂದು ಗಂಟೆ ಕೂತುಕೊಳ್ಳಿ. ಗೋಡೆ ಮೇಲಿನ ಸನ್ಮಾನದ ಫೋಟೋ ನೋಡಬೇಡಿ. ಅಲ್ಲಿ ಕಲಿಯುತ್ತಿರುವ ಮಕ್ಕಳ ಬಲಗೈ ನೋಡಿ. ಕಮಾನು ನೇರ ಹೋಗುತ್ತಿದೆಯಾ? ಸೊಟ್ಟ ಹೋದಾಗ ಗುರುಗಳು ಎದ್ದು ಬಂದು ಕೈ ಹಿಡಿದು ತಿದ್ದುತ್ತಾರಾ? ತಿದ್ದಿದರೆ ಅಲ್ಲೇ ಸೇರಿಸಿ. ಪಾಠದಲ್ಲಿ ನೀವೂ ಕೂತಿರಲು ಒಪ್ಪದಿದ್ದರೆ ಬೇಡ.

ಎಲ್ಲಿ ಹುಡುಕುವುದು ಅಂದರೆ, ಕಚೇರಿಗಳಿಗೆ ಹೋಗಿ. ಬೆಂಗಳೂರಿನಲ್ಲಿ ಗಾಯನ ಸಮಾಜ ಇದೆ, ಚಾಮರಾಜಪೇಟೆಯ ರಾಮನವಮಿ ಕಚೇರಿಗಳಿವೆ. ಕಚೇರಿ ಮುಗಿದ ಮೇಲೆ ಪಕ್ಕವಾದ್ಯದ ಪಿಟೀಲಿನವರನ್ನು ಮಾತಾಡಿಸಿ. ಊರೂರು ತಿರುಗುವ ಅವರಿಗೆ ಪುಟ್ಟ ಮಕ್ಕಳಿಗೆ ಹೇಳಿಕೊಡಲು ಪುರುಸೊತ್ತು ಇರದಿದ್ದರೆ, "ನಮ್ಮ ಬಡಾವಣೆ ಹತ್ತಿರ ನಿಮ್ಮ ಶಿಷ್ಯರು ಯಾರಿದ್ದಾರೆ?" ಅಂತ ಕೇಳಿ. ಸಂಗೀತದ ಜೂನಿಯರ್ ಪರೀಕ್ಷೆ ಯಾವಾಗ ಅಂತ ಮಾತ್ರ ಮೊದಲ ದಿನವೇ ಕೇಳಬೇಡಿ, ದಯವಿಟ್ಟು.

ಆನ್‌ಲೈನ್ ಪಾಠ ಶುರುವಿಗೆ ಬೇಡ. ಮೊಮ್ಮಗು ಅಮೆರಿಕದಲ್ಲಿದೆ, ಹತ್ತಿರ ಯಾರೂ ಇಲ್ಲ ಅಂದರೆ ಫೋನನ್ನು ಮಗುವಿನ ಮುಖಕ್ಕೆ ಇಡಬೇಡಿ. ಕಮಾನು ಪೂರ್ತಿ ಕಾಣುವ ಹಾಗೆ ಇಡಿ. ಬಲಗೈ ಕಾಣಬೇಕು, ಗೊತ್ತಾಯ್ತಲ್ಲ?

ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ. ತಂತಿ ಬಿಗಿ ಮಾಡುವ ಬಿರಡೆಯನ್ನು ಮನೆಯಲ್ಲಿ ತಿರುಗಿಸಲು ಹೋಗಬೇಡಿ, ತಂತಿ ಪಟ್ ಅನ್ನುತ್ತದೆ. ಹೊಸ ಕಮಾನಿನಿಂದ ಸದ್ದೇ ಬರುತ್ತಿಲ್ಲ ಅಂತ ಅಂಗಡಿಗೆ ವಾಪಸ್ ಒಯ್ದವರನ್ನು ನೋಡಿದ್ದೇನೆ. ಅದು ಕೆಟ್ಟಿಲ್ಲ. ಕಮಾನಿನ ಕೂದಲಿಗೆ ರೋಸಿನ್ ಅನ್ನುವ ರಾಳ ಉಜ್ಜಿರುವುದಿಲ್ಲ, ಅಷ್ಟೇ. ನುಡಿಸಿ ಆದ ಮೇಲೆ ಕಮಾನಿನ ತಿರುಪು ಸಡಿಲ ಮಾಡಿ ಪೆಟ್ಟಿಗೆಯಲ್ಲಿಡಿ. ಇವತ್ತು ಸಂಜೆ ಮಗು ನುಡಿಸಲು ಕೂತಾಗ ನೀವು ಎಡಗಡೆ ಕೂರಬೇಡಿ, ಬಲಗಡೆ ಕೂತುಕೊಳ್ಳಿ.

ನಮಸ್ಕಾರ.